ಒಂದಕ್ಷರದ ಹೆಚ್ಚುಕಡಿಮೆ

ನಮ್ಮ ಓಣಿಯ ತಿರುವಿನಲ್ಲಿ ಒಂದು ಅಂಗಡಿಯಿತ್ತು. ನೋಟ್‌ಬುಕ್ಕು, ಪೆನ್ನು, ಮಸಿ, ಅಂಟು, ನಕಾಶೆ, ಅಂಕಲಿಪಿ ಎಲ್ಲ ಅಲ್ಲಿ ಸಿಗುತ್ತಿದ್ದವು. ಬೋರ್ಡಿನ ಮೇಲೆ ಕನ್ನಡದಲ್ಲಿ 'ಸ್ಟೇಷನರಿ' ಎಂದು ಸರಿಯಾಗಿಯೇ ಬರೆಸಿದ್ದರು. ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ ಮಾತ್ರ 'ಇ' ಇರಬೇಕಾದ ಜಾಗದಲ್ಲಿ 'ಎ' ಕುಳಿತಿತ್ತು. 'ಇ' ಇದ್ದರೆ ಕಾಗದ, ಲೇಖನಿ ಮೊದಲಾದ ಬರೆಯುವ ಸಾಮಾನು. 'ಎ' ಇದ್ದರೆ ನಿಂತಲ್ಲೇ ನಿಂತಿರುವುದು, ಅಲುಗಾಡದ್ದು. ಹೀಗಾಗಿ ಬೋರ್ಡನ್ನು ಇಂಗ್ಲಿಷಿನಲ್ಲಿ ಓದಿದವರಿಗೆ ಅದು 'ಅಲುಗಾಡದ ಅಂಗಡಿ' ಎಂದು ಸಾರುತ್ತಿತ್ತು.

ದಿನಾ ಅದರ ಮುಂದೆ ಹಾದುಹೋಗುವ ನನಗೆ ಆ 'ಎ' ಕಣ್ಣಲ್ಲಿ ಬಿದ್ದ ಕಸದಂತೆ ಆಗಿತ್ತು. ಒಂದು ದಿನ ತಡೆಯಲಾರದೆ ಸಾವಕಾರರಿಗೆ ಹೇಳಿಯೇ ಬಿಟ್ಟೆ. ಅವರು ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಪೆನ್ಸಿಲ್ ಎಣಿಸುತ್ತಲೇ, "ಮಾಸ್ತರ, ಆ ಬೋರ್ಡು ಓದಿ ಇಲ್ಲಿತನಕ ಒಬ್ಬ ಗಿರಾಕಿನೂ ಹೊಳ್ಳಿ ಹೋಗಿಲ್ರಿ" ಎಂದರು. ನಾನು ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದೆ.

ಮನೆಗೆ ಬಂದವನು ಸುಮ್ಮನೆ ಕುಳಿತುಕೊಳ್ಳಬಹುದಿತ್ತು. ಆದರೆ ಅವಮಾನವಾದಾಗ ನಿಘಂಟು ತೆಗೆಯುವುದು ನನ್ನ ಹಳೆಯ ಚಟ. ತೆಗೆದು ನೋಡಿದರೆ ಕಥೆಯೇ ಬೇರೆ. ಯುರೋಪಿನ ಮಧ್ಯಯುಗದಲ್ಲಿ ಬಹಳಷ್ಟು ವ್ಯಾಪಾರಿಗಳು ನಮ್ಮ ಸಂತೆಯ ವ್ಯಾಪಾರಿಗಳ ಹಾಗೆ ಗಂಟು ಹೊತ್ತು ಊರಿಂದ ಊರಿಗೆ ತಿರುಗುವವರು. ಪುಸ್ತಕ ಮಾರುವವನು ಮಾತ್ರ ವಿಶ್ವವಿದ್ಯಾಲಯದ ನೆರಳಿನಲ್ಲೋ ಚರ್ಚಿನ ಪಕ್ಕದಲ್ಲೋ ಒಂದೇ ಕಡೆ ಕಟ್ಟೆ ಹಾಕಿಕೊಂಡು ಕೂರುತ್ತಿದ್ದ. ಹೀಗೆ ನಿಂತಲ್ಲೇ ನಿಂತು ಮಾರುವವನಾದ್ದರಿಂದಲೇ ಅವನಿಗೆ 'ಸ್ಟೇಷನರ್' ಎಂದು ಹೆಸರಾಯಿತು. ಲಂಡನ್ನಿನಲ್ಲಿ ಇಂಥವರದೊಂದು ಸಂಘ 1403ರಲ್ಲೇ ಹುಟ್ಟಿ, 1557ರಲ್ಲಿ ರಾಜಸನ್ನದನ್ನೂ ಪಡೆಯಿತು. ಅವರು ಮಾರುವ ಸಾಮಾನು ಸ್ಟೇಷನರಿ. ಅಂದರೆ 'ಎ' ಮತ್ತು 'ಇ' ಎರಡೂ ಒಂದೇ ತಾಯಿಯ ಮಕ್ಕಳು. ಸಾವಕಾರರ ಬೋರ್ಡು ವ್ಯಾಕರಣದಲ್ಲಿ ತಪ್ಪು, ಇತಿಹಾಸದಲ್ಲಿ ಒಪ್ಪು. ಮೂವತ್ತು ವರ್ಷ ಒಂದೇ ಜಾಗದಲ್ಲಿ ಕುಳಿತು ವ್ಯಾಪಾರ ಮಾಡಿದ ಮನುಷ್ಯನಿಗೆ ಆ 'ಎ' ಬರೆಯಿಸಿಕೊಳ್ಳುವ ಹಕ್ಕು ನನ್ನ ನಿಘಂಟಿಗಿಂತ ಹೆಚ್ಚೇ ಇತ್ತು.

ಈ ಕಥೆಯನ್ನು ನಾನು ಸಾವಕಾರರಿಗೆ ಹೇಳಲಿಲ್ಲ. ಸೋತವನು ಗೆದ್ದವನಿಗೆ ಇನ್ನಷ್ಟು ಆಯುಧ ಕೊಡಬಾರದು.

ಒಂದೇ ತೆರನಾಗಿ ಕಾಣುವ, ಒಂದೇ ತೆರನಾಗಿ ಕೇಳುವ ಇಂಗ್ಲಿಷ್ ಶಬ್ದಗಳ ಜೊತೆ ನನ್ನ ಸೆಣಸಾಟ ಹೈಸ್ಕೂಲಿನಲ್ಲಿ ಶುರುವಾದದ್ದು. ನಮಗೆ ಇಂಗ್ಲಿಷ್ ಕಲಿಸಿದ ಮಾಸ್ತರರು ಇಂಥ ಜೋಡಿಗಳನ್ನು ನೆನಪಿಡಲು ಒಂದೊಂದು ಉಪಾಯ ಹೇಳಿಕೊಡುತ್ತಿದ್ದರು. ಕಾಲೇಜಿನ ಮುಖ್ಯಸ್ಥ ಪ್ರಿನ್ಸಿಪಾಲ್, ತತ್ತ್ವವೂ ಪ್ರಿನ್ಸಿಪಲ್. ಯಾವುದಕ್ಕೆ ಯಾವ ಕಾಗುಣಿತ? ಮುಖ್ಯಸ್ಥನ ಕೊನೆಯ ಮೂರು ಅಕ್ಷರ ಪಿ, ಎ, ಎಲ್. ಆ ಮೂರು ಸೇರಿದರೆ 'ಪಾಲ್', ಅಂದರೆ ಗೆಳೆಯ. "ಪ್ರಿನ್ಸಿಪಾಲರು ನಿಮ್ಮ ಗೆಳೆಯ, ನೆನಪಿಡ್ರಿ" ಎನ್ನುತ್ತಿದ್ದರು. ನಾವು ಆಗಿನ್ನೂ ಪ್ರಿನ್ಸಿಪಾಲರನ್ನು ಕಂಡವರಲ್ಲ, ನಂಬಿದೆವು. ಕಾಲೇಜಿಗೆ ಹೋಗಿ ಫೀ ಬಾಕಿಗಾಗಿ ಅವರ ಕೋಣೆಯ ಮುಂದೆ ನಿಲ್ಲುವ ಹೊತ್ತಿಗೆ ನನಗೆ ಆ ಕಾಗುಣಿತದ ಮೇಲೆ ಸಂಶಯ ಹುಟ್ಟಿತ್ತು.

ಇನ್ನೊಂದು ತೊಂದರೆ ನಮ್ಮ ಕಿವಿಯದು. ಬುದ್ಧಿಮಾತು ಎಂಬ ಅರ್ಥದ 'ಅಡ್ವೈಸ್' ಬರೆಯುವಾಗ 'ಸಿ' ಹಾಕಬೇಕು, ಬುದ್ಧಿ ಹೇಳುವುದು ಎಂಬ ಕ್ರಿಯೆಗೆ 'ಎಸ್'. ಇಂಗ್ಲಿಷರ ಬಾಯಲ್ಲಿ ಎರಡಕ್ಕೂ ಉಚ್ಚಾರ ಬೇರೆ. ಒಂದು 'ಸ', ಇನ್ನೊಂದು ಹಲ್ಲಿನ ಸಂದಿಯಲ್ಲಿ ದುಂಬಿ ಗುಂಯ್‌ಗುಟ್ಟಿದ ಹಾಗೆ. ಆ ದುಂಬಿ ಕನ್ನಡದ ವರ್ಣಮಾಲೆಯಲ್ಲಿ ಇಲ್ಲ. ನಮ್ಮ ಬಾಯಲ್ಲಿ ಎರಡೂ 'ಅಡ್ವೈಸ್'. ದ್ರಾಕ್ಷಿಯ ಬಳ್ಳಿಯೂ ವೈನ್, ಅದರಿಂದ ಇಳಿಸಿದ್ದೂ ವೈನ್. ಪಶ್ಚಿಮವೂ ವೆಸ್ಟ್, ಮೈಗೆ ಹಾಕುವ ಬನಿಯನ್ನೂ ವೆಸ್ಟ್. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಹುಲಿಗೂ ಹುಳಿಗೂ ಇರುವ ಭೇದ ಇಂಗ್ಲಿಷರ ಕಿವಿಗೆ ಹತ್ತುವುದು ಕಷ್ಟ. 'ಊಟಕ್ಕೆ ಹುಲಿ ಚೆನ್ನಾಗಿತ್ತು' ಎಂದು ಅವರು ಹೇಳಿದರೆ ನಾವು ಗಾಬರಿಯಾಗದೆ ಇನ್ನೊಂದು ಸೌಟು ಬಡಿಸುತ್ತೇವಲ್ಲವೆ?

ಇಷ್ಟೆಲ್ಲ ಈಗ ಹಗುರಾಗಿ ಹೇಳುತ್ತಿದ್ದೇನೆ. 1974ರಲ್ಲಿ ನಡೆದ ಒಂದು ಸಂಗತಿಯನ್ನು ಮಾತ್ರ ಹಗುರಾಗಿ ಹೇಳುವುದು ನನ್ನಿಂದ ಇಂದಿಗೂ ಆಗಿಲ್ಲ.

ಆಗ ನಾನು ಇಂಗ್ಲಿಷ್ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸು ಮಾಡಿ, ಕಲಿತ ಇನ್‌ಸ್ಟಿಟ್ಯೂಟಿನಲ್ಲೇ ಕೂಲಿಗೆ ಟೈಪು ಮಾಡುತ್ತಿದ್ದೆ. ಕೆಲಸ ಸಿಗುವ ತನಕ ಅದೇ ಕೆಲಸ. ಅರ್ಜಿ, ಕರಾರುಪತ್ರ, ವಕೀಲರ ನೋಟೀಸು ಏನು ಬಂದರೂ ಕಾರ್ಬನ್ ಹಾಳೆ ಸಿಕ್ಕಿಸಿ ಟಕಟಕನೆ ಹೊಡೆದು ಕೊಡುತ್ತಿದ್ದೆ. ಓಣಿಯಲ್ಲಿ ನನ್ನ ಇಂಗ್ಲಿಷಿಗೆ ದೊಡ್ಡ ಹೆಸರು. ಅದನ್ನು ಪರೀಕ್ಷಿಸುವವರು ಓಣಿಯಲ್ಲಿ ಯಾರೂ ಇರಲಿಲ್ಲ ಎಂಬುದು ಆ ಹೆಸರಿನ ಗುಟ್ಟು.

ನಮ್ಮ ಎದುರು ಮನೆಯಲ್ಲಿ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರಿದ್ದರು. ಆ ವರ್ಷ ಮಳೆಗಾಲದಲ್ಲಿ ತೀರಿಕೊಂಡರು. ಅವರ ಹೆಂಡತಿಯನ್ನು ಓಣಿಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು. ಮಕ್ಕಳಿರಲಿಲ್ಲ. ಗಂಡನ ಪೆನ್ಶನ್ನೇ ಮನೆಯ ಆಧಾರ. ಅದು ನಿಂತುಹೋಗಿ, ಹೆಂಡತಿಗೆ ಬರಬೇಕಾದದ್ದು ಶುರುವಾಗಿರಲಿಲ್ಲ. ಮರಣದ ದಾಖಲೆ ಕೈಗೆ ಬರುವುದು ಇನ್ನೂ ತಡ. ಅಷ್ಟರೊಳಗೆ ಕಚೇರಿಗೆ ಸುದ್ದಿ ತಿಳಿಸಿ ಫಾರ್ಮು ತರಿಸಿಕೊಳ್ಳೋಣ ಎಂದು ಯಾರೋ ಹೇಳಿದರಂತೆ. ಒಂದು ಸಂಜೆ ಅವರು ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಮೇಲೆ ಬಂದು ಕುಳಿತರು.

"ತಮ್ಮಾ, ಒಂದು ಕಾಗದ ಬರದು ಕೊಡಪಾ" ಎಂದರು.

"ಏನಂತ ಬರೀಲಿ ದೊಡ್ಡವ್ವಾ?"

"ಏನಂತ ಅಂದ್ರ? ಅವರು ಹೋದ್ರು ಅಂತ ಬರಿ. ನನಗ ಬ್ಯಾರೆ ಯಾರೂ ದಿಕ್ಕಿಲ್ಲ ಅಂತ ಬರಿ."

ಅಷ್ಟೇ ಅವರು ಹೇಳಿದ್ದು. 'ಅವರು ಹೋದರು' ಎಂಬುದು ನನಗೆ ಬಹಳ ಸಾದಾ ಅನಿಸಿತು. ಸರ್ಕಾರಿ ಕಾಗದಕ್ಕೆ ತೂಕದ ಶಬ್ದ ಬೇಕು. ವಕೀಲರ ಕಾಗದಗಳಲ್ಲಿ ಸತ್ತವರನ್ನು 'ಡಿಸೀಸ್ಡ್' ಎನ್ನುವುದನ್ನು ಕೇಳಿ ಗೊತ್ತಿತ್ತು. ಕೇಳಿ ಗೊತ್ತಿತ್ತು, ಅಷ್ಟೇ. 'ಡಿ' ಹೊಡೆದೆ, ಆಮೇಲೆ 'ಐ' ಹೊಡೆದೆ, ಆಮೇಲೆ 'ಎಸ್'. ಹೊಡೆಯಬೇಕಾದದ್ದು 'ಇ' ಮತ್ತು 'ಸಿ'. ಎರಡಕ್ಷರ ತಪ್ಪಿತು. ಮೃತನಾದ ಗಂಡ ನನ್ನ ಕಾಗದದಲ್ಲಿ ರೋಗಿಯಾದ ಗಂಡನಾದ. 'ನನ್ನ ರೋಗಪೀಡಿತ ಪತಿ ತಮ್ಮಲ್ಲಿ ಪೆನ್ಶನ್ ಪಡೆಯುತ್ತಿದ್ದು, ನನಗೆ ಬೇರೆ ಆಸರೆ ಇಲ್ಲವಾದ್ದರಿಂದ ದಯಮಾಡಿ ಸಹಾಯ ಮಂಜೂರು ಮಾಡಬೇಕು' ಎಂಬ ಅರ್ಥದ ಅಚ್ಚುಕಟ್ಟಾದ ಕಾಗದ ಸಿದ್ಧವಾಯಿತು. ಅಂಚು ನೇರ, ಒಂದು ಕಡೆಯೂ ತಿದ್ದಿಲ್ಲ. ದೊಡ್ಡವ್ವನ ಹೆಬ್ಬೆಟ್ಟು ಹಾಕಿಸಿ ನಾನೇ ಟಪಾಲಿಗೆ ಹಾಕಿ ಬಂದೆ. ದುಡ್ಡು ತೆಗೆದುಕೊಳ್ಳಲಿಲ್ಲ ಎಂಬ ಹೆಮ್ಮೆ ಬೇರೆ.

ಎರಡು ತಿಂಗಳ ಮೇಲೆ ಉತ್ತರ ಬಂತು. ಪೆನ್ಶನ್‌ದಾರರ ಕಾಯಿಲೆಗೆ ಈ ಕಚೇರಿಯಿಂದ ಯಾವ ಸಹಾಯಧನವೂ ಇಲ್ಲವೆಂದೂ, ಏನಾದರೂ ಹೇಳಿಕೊಳ್ಳುವುದಿದ್ದರೆ ಪೆನ್ಶನ್‌ದಾರರು ಸ್ವತಃ ತಮ್ಮ ಸಹಿಯಿಂದ, ವೈದ್ಯರ ಪ್ರಮಾಣಪತ್ರದೊಂದಿಗೆ ಅರ್ಜಿ ಸಲ್ಲಿಸಬೇಕೆಂದೂ ಅದರಲ್ಲಿತ್ತು. ಇಂಗ್ಲಿಷಿನಲ್ಲಿದ್ದ ಆ ಕಾಗದವನ್ನು ದೊಡ್ಡವ್ವ ನನ್ನ ಹತ್ತಿರವೇ ಓದಿಸಲು ತಂದರು. ನಾನು ಓದುತ್ತ ಓದುತ್ತ ನಿಲ್ಲಿಸಿದೆ. ಕಚೇರಿಯವರಿಗೆ ಕಣ್ಣಿಲ್ಲವೆ ಎಂದು ಸಿಟ್ಟು ಬಂತು. ಆಮೇಲೆ ನಮ್ಮ ಕಾಗದದ ಕಾರ್ಬನ್ ಪ್ರತಿ ತೆಗೆದು ನೋಡಿದೆ. ಕಚೇರಿಯವರಿಗೆ ಕಣ್ಣು ಚೆನ್ನಾಗಿಯೇ ಇತ್ತು. ಬರೆದದ್ದನ್ನು ಬರೆದ ಹಾಗೆಯೇ ಓದಿದ್ದರು.

"ಏನಂದಾರಪಾ?" ಎಂದು ದೊಡ್ಡವ್ವ ಕೇಳಿದರು.

ನಾನು ಹೇಗೋ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಡ್ಡಿನಾಗ ಇದ್ದಾರಂತ ಬರದಿದ್ದೇನೋ ತಮ್ಮಾ? ಇದ್ದಿದ್ರ ಎಷ್ಟ ಚಲೋ ಇತ್ತು" ಎಂದರು.

ಬೈದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಅಂದು ರಾತ್ರಿಯೇ ಇನ್‌ಸ್ಟಿಟ್ಯೂಟಿನ ಯಜಮಾನರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ದಪ್ಪನೆಯ ನಿಘಂಟನ್ನು ನನ್ನ ಮುಂದೆ ಇಟ್ಟು, "ಓದು" ಎಂದರು. ರೋಗ ಎಂಬ ಅರ್ಥದ ಶಬ್ದ ಹಳೆಯ ಫ್ರೆಂಚಿನಿಂದ ಬಂದದ್ದು. 'ಈಸ್' ಎಂದರೆ ಸುಖ, ನೆಮ್ಮದಿ. ಅದಕ್ಕೆ 'ಇಲ್ಲ' ಎಂಬರ್ಥದ 'ಡಿಸ್' ಸೇರಿ, ನೆಮ್ಮದಿ ಇಲ್ಲದ್ದು. ನಾವು ಮೈಯಲ್ಲಿ ಸುಖವಿಲ್ಲ ಎನ್ನುವುದಿಲ್ಲವೆ, ಹಾಗೆ. ಸಾವು ಎಂಬರ್ಥದ ಶಬ್ದ ಲ್ಯಾಟಿನ್ನಿನಿಂದ ಬಂದದ್ದು. ಅದರ ಮೂಲದ ಅರ್ಥ ಹೊರಟುಹೋಗುವುದು. ಡಿಸೀಸ್ಡ್ ಎಂದರೆ ಹೋದವನು.

ಅವರು ಹೋದರು. ದೊಡ್ಡವ್ವ ಮೆಟ್ಟಿಲ ಮೇಲೆ ಕುಳಿತು ಹೇಳಿದ್ದೂ ಅದನ್ನೇ. ಲ್ಯಾಟಿನ್ ಹುಟ್ಟಿಸಿದ ಶಬ್ದವನ್ನು ಅಕ್ಷರ ಬಾರದ ಆ ತಾಯಿ ಕನ್ನಡದಲ್ಲಿ ಸರಿಯಾಗಿ ಹೇಳಿದ್ದರು. ಅದು ಸಾದಾ ಎಂದು ನಾನು ಬಿಟ್ಟು, ಅರ್ಥ ಗೊತ್ತಿಲ್ಲದ ತೂಕದ ಶಬ್ದ ಹುಡುಕಿ, ಅದನ್ನೂ ತಪ್ಪಿಸಿದ್ದೆ.

ಮರುದಿನ ಹೊಸ ಕಾಗದ ಹೋಯಿತು. ಈ ಸಲ ಎಲ್ಲರಿಗೂ ತಿಳಿಯುವ ಸಣ್ಣ ವಾಕ್ಯ: ನನ್ನ ಗಂಡ ಇಂಥ ತಾರೀಖಿಗೆ ಸತ್ತರು. ಆಮೇಲೆ ಫಾರ್ಮು ಬಂತು, ದಾಖಲೆ ಹೋಯಿತು, ಹಣವೂ ಶುರುವಾಯಿತು. ಆದರೆ ನಡುವೆ ಹೋದ ಆ ತಿಂಗಳುಗಳಲ್ಲಿ ದೊಡ್ಡವ್ವ ತಮ್ಮ ಎರಡು ಹಿತ್ತಾಳೆ ಕೊಡಗಳನ್ನು ಮಾರಿದ್ದು ನನಗೆ ಗೊತ್ತು. ನಮ್ಮ ತಾಯಿಯೇ ಹೇಳಿದ್ದಳು.

ಅಂದಿನಿಂದ ನಾನು ಜೋಡಿಶಬ್ದಗಳ ಬೆನ್ನು ಹತ್ತಿದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಬರೆಯುತ್ತ ಹೋದಂತೆ ಒಂದು ವಿಚಿತ್ರ ಕಂಡಿತು. ನಾವು ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವ ಜೋಡಿಗಳಲ್ಲಿ ಬಹಳಷ್ಟು ಮೂಲದಲ್ಲಿ ಜೋಡಿಗಳೇ ಅಲ್ಲ, ಒಂದೇ ಶಬ್ದ. 'ಅದಕ್ಕಿಂತ' ಎನ್ನುವ ದ್ಯಾನ್, 'ಆಮೇಲೆ' ಎನ್ನುವ ದೆನ್, ಎರಡೂ ಒಂದೇ ಆಗಿದ್ದವು. ಒಂದು 'ಎಫ್' ಇರುವ ಆಫ್, ಎರಡು 'ಎಫ್' ಇರುವ ಆಫ್, ಅವೂ ಒಂದೇ. ಒಂದು 'ಓ' ಇರುವ ಟು, ಎರಡು 'ಓ' ಇರುವ ಟೂ ಕೂಡ ಹಾಗೆಯೇ. ಲೋಹಕ್ಕೆ ಮೆಟಲ್, ಎದೆಗಾರಿಕೆಗೆ ಮೆಟ್‌ಲ್. ಆ ಎದೆಗಾರಿಕೆ ಎಂದರೆ ಮನುಷ್ಯ ಯಾವ ಲೋಹದಿಂದ ಆದವನು ಎಂಬುದೇ. ಗುಟ್ಟು ಕಾಯುವ ಜಾಣತನಕ್ಕೂ ಬಿಡಿಬಿಡಿಯಾಗಿರುವುದಕ್ಕೂ 'ಡಿಸ್ಕ್ರೀಟ್' ಎಂದೇ ಉಚ್ಚಾರ. ಎರಡೂ 'ಬೇರ್ಪಡಿಸಿದ್ದು' ಎಂಬ ಒಂದೇ ಲ್ಯಾಟಿನ್ ಶಬ್ದದ ಕವಲುಗಳು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹೂವು ಮತ್ತು ಹಿಟ್ಟಿನ ಜೋಡಿ. ಎರಡನ್ನೂ 'ಫ್ಲವರ್' ಎಂದೇ ಅನ್ನುತ್ತೇವೆ. ಮಕ್ಕಳು ಹೂವು ಬರೆಯಬೇಕಾದಲ್ಲಿ ಹಿಟ್ಟು ಬರೆದು ಬೈಸಿಕೊಳ್ಳುತ್ತಾರೆ. ಆದರೆ ಮೊದಲು ಎರಡೂ ಒಂದೇ ಶಬ್ದವಾಗಿತ್ತು. ಧಾನ್ಯ ಬೀಸಿ ಜರಡಿ ಹಿಡಿದಾಗ ಕೆಳಗೆ ಬೀಳುವ ನಯವಾದ ಭಾಗ ಧಾನ್ಯದ ಹೂವು. ಹದಿನೆಂಟನೆಯ ಶತಮಾನದಲ್ಲೂ ಎರಡಕ್ಕೂ ಒಂದೇ ಕಾಗುಣಿತ ಬರೆಯುವವರಿದ್ದರು. ಮಲ್ಲಿಗೆ ಇಡ್ಲಿ ಎನ್ನುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ.

ಅಣ್ಣತಮ್ಮಂದಿರು ಕೂಡಿ ಇದ್ದ ಮನೆ ಪಾಲಾದ ಹಾಗೆ ಶಬ್ದಗಳೂ ಪಾಲಾಗುತ್ತವೆ. ಒಂದೇ ಶಬ್ದಕ್ಕೆ ಎರಡು ಕೆಲಸ ಬಿದ್ದಾಗ, ಒಂದಕ್ಕೆ ಈ ಅಕ್ಷರ, ಇನ್ನೊಂದಕ್ಕೆ ಆ ಅಕ್ಷರ ಎಂದು ನಡುವೆ ಗೋಡೆ ಏಳುತ್ತದೆ. ಹೆನ್ರಿ ಫೌಲರ್ ಎಂಬ ಇಂಗ್ಲಿಷ್ ಪಂಡಿತರು 1926ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಹೀಗೆ ಬೇರೆಯಾಗುವುದನ್ನು ಭಾಷೆಗೆ ಲಾಭವೆಂದೇ ಎಣಿಸಿದ್ದಾರೆ. ಲಾಭ ನಿಜ. ಆದರೆ ಪಾಲಾದ ಮನೆಗೆ ಬಂದ ಹೊಸಬ ತಪ್ಪು ಬಾಗಿಲು ತಟ್ಟಿದರೆ ಅವನನ್ನು ಕಳ್ಳ ಎನ್ನಬೇಕೆ? ಅದೂ ಅಲ್ಲದೆ ಗೋಡೆಗಳು ಎಲ್ಲ ಕಡೆ ಒಂದೇ ಥರ ಇಲ್ಲ. 'ಪ್ರ್ಯಾಕ್ಟೀಸ್' ಎಂಬುದಕ್ಕೆ ಇಂಗ್ಲೆಂಡಿನಲ್ಲಿ ನಾಮಪದವಾದರೆ 'ಸಿ', ಕ್ರಿಯಾಪದವಾದರೆ 'ಎಸ್'. ಅಮೆರಿಕದಲ್ಲಿ ಎರಡಕ್ಕೂ 'ಸಿ'. ಒಬ್ಬ ಹುಡುಗನಿಗೆ ನಾನು ಬಹಳ ವರ್ಷಗಳ ಹಿಂದೆ ಇದೇ ತಪ್ಪಿಗೆ ಅಂಕ ಕಳೆದಿದ್ದೆ. ಸಮುದ್ರ ದಾಟಿದ್ದರೆ ಅವನಿಗೆ ಪೂರ್ತಿ ಅಂಕ ಸಿಗುತ್ತಿತ್ತು.

ಇಂಗ್ಲಿಷ್ ಜನರೇ ಇದರಲ್ಲಿ ಎಡವಿದ್ದಾರೆ. ಶೆರಿಡನ್ ಬರೆದ 'ದಿ ರೈವಲ್ಸ್' ನಾಟಕ 1775ರಲ್ಲಿ ರಂಗಕ್ಕೆ ಬಂತು. ಅದರಲ್ಲಿ ಮಿಸೆಸ್ ಮ್ಯಾಲಪ್ರಾಪ್ ಎಂಬ ಹೆಂಗಸು ದೊಡ್ಡ ದೊಡ್ಡ ಶಬ್ದಗಳನ್ನು ಅದಲುಬದಲು ಮಾಡಿ ಆಡುತ್ತಾಳೆ. ಮೊಸಳೆ ಎನ್ನಬೇಕಾದಲ್ಲಿ ರೂಪಕಕಥೆ ಎಂಬರ್ಥದ ಶಬ್ದ ಬಳಸುತ್ತಾಳೆ. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಇಂಥ ತಪ್ಪಿಗೆ ಅವಳ ಹೆಸರೇ ಅಂಟಿಕೊಂಡಿತು. ನಾನೂ ಓದಿ ನಕ್ಕಿದ್ದೇನೆ. ಆದರೆ ನಗುವಾಗ ಒಂದು ಕಾರ್ಬನ್ ಪ್ರತಿ ಕಣ್ಣ ಮುಂದೆ ಬರುತ್ತದೆ. ದೊಡ್ಡ ಶಬ್ದದ ಆಸೆ ಅವಳಿಗೂ ಇತ್ತು, ನನಗೂ ಇತ್ತು.

ಎಲ್ಲ ಗೋಡೆಗಳೂ ಸುಮ್ಮನೆ ಎದ್ದವಲ್ಲ. ನ್ಯಾಯಾಧೀಶರು 'ಡಿಸ್‌ಇಂಟರೆಸ್ಟೆಡ್' ಆಗಿರಬೇಕು, 'ಅನ್‌ಇಂಟರೆಸ್ಟೆಡ್' ಆಗಿರಬಾರದು ಎನ್ನುತ್ತಾರೆ. ಮೊದಲನೆಯವನಿಗೆ ಮೊಕದ್ದಮೆಯಲ್ಲಿ ಸ್ವಾರ್ಥವಿಲ್ಲ. ಎರಡನೆಯವನಿಗೆ ಮೊಕದ್ದಮೆಯೇ ಬೇಕಿಲ್ಲ, ತೂಕಡಿಸುತ್ತಿದ್ದಾನೆ. ನಮ್ಮಲ್ಲೂ ಇಂಥದೊಂದು ಜೋಡಿ ಇದೆ: ಅನಾಸಕ್ತಿ ಮತ್ತು ನಿರಾಸಕ್ತಿ. ಗಾಂಧೀಜಿ ತಮ್ಮ ಗೀತಾನುವಾದವನ್ನು 1930ರಲ್ಲಿ 'ಅನಾಸಕ್ತಿಯೋಗ' ಎಂದು ಕರೆದರು. ಫಲದ ಆಸೆ ಬಿಟ್ಟು ಮೈಮುರಿದು ದುಡಿಯುವುದು ಅನಾಸಕ್ತಿ. ದುಡಿಯುವುದನ್ನೇ ಬಿಡುವುದು ನಿರಾಸಕ್ತಿ. ಈ ಗೋಡೆ ಬಿದ್ದರೆ ಸಂತನಿಗೂ ಸೋಮಾರಿಗೂ ಒಂದೇ ಹೆಸರಾಗುತ್ತದೆ.

ಇನ್ನು ಕೆಲವು ತಪ್ಪುಗಳು ಯಾರಿಗೂ ಕೇಡು ಮಾಡದೆ ನಗಿಸಿ ಹೋಗುತ್ತವೆ. ನಮ್ಮ ಕಡೆ ವಯಸ್ಸಾದ ಗಂಡಸರಿಗೆ ಆಗುವ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯನ್ನು ಅನೇಕರು ಒಂದು 'ರ' ಹೆಚ್ಚಿಗೆ ಸೇರಿಸಿ 'ಪ್ರಾಸ್ಟ್ರೇಟ್' ಎನ್ನುತ್ತಾರೆ. ಹಾಗೆಂದರೆ ನೆಲಕ್ಕೆ ಚಾಚಿ ಬೀಳುವುದು. ಯಾರೋ ಸಾಷ್ಟಾಂಗ ನಮಸ್ಕಾರವನ್ನೇ ಕತ್ತರಿಸಿ ತೆಗೆಸಿಕೊಂಡು ಬಂದಂತೆ ಆಗುತ್ತದೆ. ಒಮ್ಮೆ ನನ್ನ ಹತ್ತಿರ ತಿದ್ದಲು ಬಂದ ಮದುವೆ ಕರೆಯೋಲೆಯಲ್ಲಿ ತಮ್ಮ ಉಪಸ್ಥಿತಿ ಕೋರುತ್ತೇವೆ ಎನ್ನುವ ಕಡೆ ತಮ್ಮ ಉಡುಗೊರೆ ಕೋರುತ್ತೇವೆ ಎಂದಾಗಿತ್ತು. ಎರಡಕ್ಕೂ ನಮ್ಮ ಬಾಯಲ್ಲಿ ಹೆಚ್ಚುಕಡಿಮೆ ಒಂದೇ ಉಚ್ಚಾರ. ತಿದ್ದಿದೆ, ಆದರೆ ಅಷ್ಟು ಪ್ರಾಮಾಣಿಕವಾದ ಕರೆಯೋಲೆಯನ್ನು ನಾನು ಮತ್ತೆ ಕಾಣಲಿಲ್ಲ.

ಹೀಗೆ ತಿದ್ದುತ್ತ ತಿದ್ದುತ್ತ ನಾನು ಅದೇ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುವವನಾದೆ. ಟೈಪಿಂಗಿನ ಜೊತೆಗೆ ಅರ್ಜಿ ಬರೆಯುವುದು, ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡುವುದು ಇವನ್ನೂ ಹೇಳಿಕೊಡುತ್ತಿದ್ದೆ. ನನ್ನ ನೋಟ್‌ಬುಕ್ಕು ಆ ಹೊತ್ತಿಗೆ ಮೂರಾಗಿದ್ದವು. ತಪ್ಪು ಮಾಡಿ ಕಲಿತವನು ಮೆತ್ತಗಾಗುತ್ತಾನೆ ಎಂದು ಹೇಳುವುದುಂಟು. ನಾನು ಹಾಗಾಗಲಿಲ್ಲ. ತಪ್ಪು ಹಿಡಿಯುವುದರಲ್ಲಿ ಹರಿತನಾದೆ, ಅಷ್ಟೇ. ತರಗತಿಯಲ್ಲಿ ಕನ್ನಡ ಆಡಬಾರದು ಎಂದು ನಿಯಮ ಬೇರೆ ಮಾಡಿದ್ದೆ.

1983ರ ಒಂದು ಬೆಳಿಗ್ಗೆ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಅರ್ಧ ತರಗತಿ ಮುಗಿದ ಮೇಲೆ ಬಾಗಿಲಲ್ಲಿ ನಿಂತ. ವಾರದಿಂದ ಬಂದಿರಲಿಲ್ಲ. ನಾನು ಇಂಗ್ಲಿಷಿನಲ್ಲೇ ಕಾರಣ ಕೇಳಿದೆ. ಅವನು ಸ್ವಲ್ಪ ತಡೆದು, "ಫಾದರ್ ಲೇಟ್, ಸರ್" ಎಂದ.

ನಾನು ಬೋರ್ಡಿಗೆ ಬರೆಯುತ್ತಿದ್ದವನು ತಿರುಗಿ ಕೂಡ ನೋಡದೆ, ತಂದೆ ಲೇಟಾದರೆ ಮಗನೂ ಲೇಟಾಗಬೇಕೆಂಬ ಕಾನೂನಿದೆಯೇ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ತರಗತಿ ನಕ್ಕಿತು. ಆ ಹುಡುಗ ನಗಲೂ ಇಲ್ಲ, ಅಳಲೂ ಇಲ್ಲ. ಬಂದು ತನ್ನ ಮಷಿನ್ನಿನ ಮುಂದೆ ಕುಳಿತು ಹಾಳೆ ಏರಿಸಿದ. ತರಗತಿ ಬಿಟ್ಟ ಮೇಲೆ ಅವನ ಊರಿನವನೇ ಆದ ಇನ್ನೊಬ್ಬ ಹುಡುಗ ನನ್ನ ಹತ್ತಿರ ಬಂದು ನಿಂತು, "ಸರ್, ಅವರ ಅಪ್ಪ ತೀರಿಕೊಂಡಾರ್ರೀ" ಎಂದ.

ಲೇಟ್ ಎಂಬ ಶಬ್ದಕ್ಕೆ ತಡವಾದ ಎಂಬ ಅರ್ಥವೂ ಇದೆ, ದಿವಂಗತ ಎಂಬ ಅರ್ಥವೂ ಇದೆ. ಹೆಸರಿನ ಹಿಂದೆ ಬಂದರೆ ದಿವಂಗತ, ವಾಕ್ಯದ ಕೊನೆಗೆ ಬಂದರೆ ತಡ ಎಂಬುದು ಇಂಗ್ಲಿಷರ ಕ್ರಮ. ನಮ್ಮ ಜನ ಲಗ್ನಪತ್ರಿಕೆಗಳಲ್ಲಿ, ಶಾಲೆಯ ಅರ್ಜಿಗಳಲ್ಲಿ ಹೆಸರಿನ ಹಿಂದಿನ 'ಲೇಟ್' ನೋಡಿ ನೋಡಿ ಅದನ್ನು ಸತ್ತವನು ಎಂದೇ ತಿಳಿದು, ಎಲ್ಲಿ ಬೇಕಾದರೂ ಬಳಸುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಎರಡನೆಯ ನೋಟ್‌ಬುಕ್ಕಿನಲ್ಲಿ ಬರೆದೇ ಇತ್ತು. 1974ರಲ್ಲಿ ಶಬ್ದ ಗೊತ್ತಿಲ್ಲದೆ ತಪ್ಪು ಮಾಡಿದ್ದೆ. ಈ ಸಲ ಗೊತ್ತಿದ್ದೂ ಮಾಡಿದೆ. ಶಬ್ದ ಕೇಳಿದ್ದೆ, ಮುಖ ನೋಡಿರಲಿಲ್ಲ.

ಮರುದಿನ ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ನಾನು ಅವನನ್ನು ಹೊರಗೆ ಕರೆದು ನನ್ನ ನಿಯಮ ನಾನೇ ಮುರಿದು, "ತಪ್ಪಾತಪಾ ತಮ್ಮಾ, ನನಗ ತಿಳೀಲಿಲ್ಲ" ಎಂದೆ.

"ಇರಲಿ ಬಿಡ್ರಿ ಸರ್" ಎಂದ. ಆಮೇಲೆ ನೆಲ ನೋಡುತ್ತ, "ಅದನ್ನ ಇಂಗ್ಲೀಷಿನಾಗ ಹೆಂಗ ಹೇಳಬೇಕಿತ್ರಿ?" ಎಂದು ಕೇಳಿದ.

ಅವನು ಕುಹಕಕ್ಕೆ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದ. ತಂದೆ ಮಾಡುತ್ತಿದ್ದ ಕೆಲಸ ತನಗೆ ಕೊಡಿಸಬೇಕೆಂದು ಅವನು ಅರ್ಜಿ ಹಾಕುವುದಿತ್ತು, ಅದರಲ್ಲಿ ಆ ಮಾತು ಬರೆಯಬೇಕಾಗಿತ್ತು. ಇಬ್ಬರೂ ಮಷಿನ್ನಿನ ಮುಂದೆ ಕುಳಿತೆವು. ನನ್ನ ತಂದೆ ಇಂಥ ತಾರೀಖಿಗೆ ಸತ್ತರು ಎಂಬ ಸಣ್ಣ ವಾಕ್ಯ ಹೇಳಿಕೊಟ್ಟೆ. ಅವನು ಒಂದೊಂದೇ ಅಕ್ಷರ ಹೊಡೆದ. ಆಮೇಲೆ ಕೆಳಗೆ ಮೃತ ಎಂಬ ಶಬ್ದ ಬರುವ ಕಡೆ ನಾನೇ ಅವನ ಬೆರಳನ್ನು 'ಇ' ಮೇಲೆ, ಅನಂತರ 'ಸಿ' ಮೇಲೆ ಇಡಿಸಿದೆ. ಅಂದಿನಿಂದ ನನ್ನ ತರಗತಿಯಲ್ಲಿ ಕನ್ನಡಕ್ಕೆ ಇದ್ದ ನಿಷೇಧ ತೆಗೆದುಹಾಕಿದೆ. ಮೊದಲು ಹೇಳಬೇಕಾದದ್ದನ್ನು ನಿಮ್ಮ ಮಾತಿನಲ್ಲಿ ಹೇಳಿರಿ, ಆಮೇಲೆ ಇಂಗ್ಲಿಷ್ ಹುಡುಕೋಣ ಎನ್ನತೊಡಗಿದೆ.

ಹಾಗಾದರೆ ತಪ್ಪು ತಿದ್ದಲೇಬಾರದೆ ಎಂದು ನೀವು ಕೇಳಬಹುದು. ಅಲ್ಲ. ತಿದ್ದಲೇಬೇಕಾದ ತಪ್ಪುಗಳಿವೆ. ಪೆಟ್ರೋಲ್ ಟ್ಯಾಂಕರಿನ ಬೆನ್ನ ಮೇಲೆ 'ಇನ್‌ಫ್ಲೇಮಬಲ್' ಎಂದು ಬರೆದಿರುತ್ತದೆ. ಇಂಗ್ಲಿಷಿನ 'ಇನ್' ಅನೇಕ ಕಡೆ ಅಲ್ಲ, ಇಲ್ಲ ಎಂಬ ಅರ್ಥ ಕೊಡುವುದರಿಂದ, ಅರ್ಧ ಕಲಿತವನು ಅದನ್ನು ಬೆಂಕಿ ಹತ್ತದ್ದು ಎಂದು ತಿಳಿದಾನು. ನಿಜವಾಗಿ ಅದು ಥಟ್ಟನೆ ಹೊತ್ತಿಕೊಳ್ಳುವಂಥದ್ದು. 'ಫ್ಲೇಮಬಲ್' ಎಂದರೂ ಅದೇ ಅರ್ಥ. ರಕ್ತದೊತ್ತಡ ಹೆಚ್ಚಾದರೆ 'ಹೈಪರ್', ಕಡಿಮೆಯಾದರೆ 'ಹೈಪೊ'. ಅವಸರದಲ್ಲಿ ಕೇಳಿದರೆ ಎರಡೂ ಒಂದೇ. ಔಷಧಗಳ ಹೆಸರುಗಳಲ್ಲಂತೂ ಇದು ಪ್ರಾಣದ ಪ್ರಶ್ನೆ. ಹೈಡ್ರಲಜೀನ್ ರಕ್ತದೊತ್ತಡ ಇಳಿಸುವ ಔಷಧ, ಹೈಡ್ರಾಕ್ಸಿಜೀನ್ ತುರಿಕೆಗೆ, ಆತಂಕಕ್ಕೆ ಕೊಡುವುದು. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇಂಥ ಹೆಸರುಗಳಲ್ಲಿ ಬೇರೆಯಾಗಿರುವ ಅಕ್ಷರಗಳನ್ನಷ್ಟೇ ದೊಡ್ಡಕ್ಷರದಲ್ಲಿ ಅಚ್ಚು ಹಾಕುವಂತೆ ತಯಾರಕರಿಗೆ ಸೂಚಿಸಿತು. ಓದುವವನ ಕಣ್ಣು ವ್ಯತ್ಯಾಸದ ಮೇಲೆಯೇ ಬೀಳಲಿ ಎಂದು.

ಈ ಉಪಾಯ ನನಗೆ ಬಹಳ ಹಿಡಿಸಿತು. ತಪ್ಪು ಓದಿದ ದಾದಿಯನ್ನು ಹಂಗಿಸಿ ಮುಗಿಸಲಿಲ್ಲ. ಅವಸರದಲ್ಲಿ ಎಂಥವರೂ ತಪ್ಪುತ್ತಾರೆ ಎಂದು ಒಪ್ಪಿಕೊಂಡು, ತಪ್ಪದಂತೆ ಅಕ್ಷರವನ್ನೇ ದೊಡ್ಡದು ಮಾಡಿದರು. ಈಗ ನನ್ನ ನೋಟ್‌ಬುಕ್ಕುಗಳನ್ನು ತೆರೆದಾಗ ಪ್ರತಿ ಜೋಡಿಯ ಮುಂದೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ತಪ್ಪಿದರೆ ಯಾರಿಗೆ ಏನು ಹೋಗುತ್ತದೆ? ಯಾರದೋ ಔಷಧ, ಯಾರದೋ ಪೆನ್ಶನ್ನು, ಯಾರದೋ ಕೆಲಸ ಹೋಗುವುದಾದರೆ ಹಟ ಹಿಡಿದು ತಿದ್ದುತ್ತೇನೆ. ತಿದ್ದುವವನ ಮೀಸೆಯಷ್ಟೇ ಹೋಗುವುದಾದರೆ ಹೋಗಲಿ ಎಂದು ಬಿಡುತ್ತೇನೆ. ಎಲ್ಲ ಸಲವೂ ಬಿಡಲಾಗುವುದಿಲ್ಲ, ಚಟ ಹಳೆಯದು.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ರಸ್ತೆ ಅಗಲ ಮಾಡಿದರು. ತಿರುವಿನ ಅಂಗಡಿ ಹೋಯಿತು. ಸಾವಕಾರರ ಮಗ ಎರಡು ಓಣಿ ಆಚೆ ಹೊಸ ಮಳಿಗೆ ಹಿಡಿದ. ಹೊಸ ಬೋರ್ಡು ಬರೆಯಿಸುವ ಮುಂಚೆ ಅವನು ನನ್ನ ಮನೆಗೆ ಬಂದು, "ಮಾಸ್ತರ, ಅಪ್ಪಾರು ಹೇಳ್ಯಾರ, ನಿಮಗ ತೋರಿಸೇ ಬರಸು ಅಂತ. ಎ ನೋ, ಇ ನೋ?" ಎಂದು ಕೇಳಿದ. ನಾನು 'ಇ' ಎಂದೆ. ಅವನು ಹಾಗೆಯೇ ಬರೆಯಿಸಿದ. ಈಗ ಆ ಬೋರ್ಡಿನಲ್ಲಿ ಒಂದಕ್ಷರವೂ ತಪ್ಪಿಲ್ಲ.

ಮೊನ್ನೆ ಒಂದು ಪೆನ್ನು ಕೊಳ್ಳಲು ಹೋದಾಗ ಒಳಗೆ ಕುರ್ಚಿಯಲ್ಲಿ ಕುಳಿತಿದ್ದ ಮುದಿ ಸಾವಕಾರರು ನನ್ನನ್ನು ನೋಡಿ, "ಏನ್ರಿ ಮಾಸ್ತರ, ಈಗರೆ ಸಮಾಧಾನ ಆತೇನು?" ಎಂದು ನಕ್ಕರು. ನಾನು ಆಗ ಅವರಿಗೆ ಆ ಹಳೆಯ ಪುಸ್ತಕ ವ್ಯಾಪಾರಿಗಳ ಕಥೆಯನ್ನು, ಅವರ 'ಎ'ಯ ಕಥೆಯನ್ನು ಪೂರ್ತಿ ಹೇಳಿದೆ. ಕೇಳಿ ಮುಗಿಸಿ ಅವರು ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡುತ್ತಿದ್ದರು. ಆಮೇಲೆ, "ಹಂಗಾದ್ರ ಆ ಬೋರ್ಡು ಗುಜರಿಗೆ ಹಾಕಬಾರದಾಗಿತ್ತು" ಎಂದರು.